ಗಾಳಿ ಗನ್ನಿನ ಮೊಳೆ: ಎಲ್ಲಿ ಹೊಡೀಬೇಕು, ಎಲ್ಲಿ ಹೊಡೀಬಾರದು

ಜೇನು ಪೆಟ್ಟಿಗೆ, ಸಸಿ ಟ್ರೇ ಇಡೋ ಟೇಬಲ್ಲು, ಕೋಳಿ ಗೂಡು, ಮೇಕೆ ಶೆಡ್ಡಿನ ಅಟ್ಟಣಿಗೆ. ತೋಟ ಇದ್ದ ಮೇಲೆ ಮರಗೆಲಸ ಇದ್ದೇ ಇರುತ್ತೆ. ಸಣ್ಣ ಕೆಲಸಕ್ಕೆ ಆಚಾರಿ ಸಿಗಲ್ಲ, ಸಿಕ್ಕರೂ ಬರೋ ತಿಂಗಳು ಅಂತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿದ್ರೆ ಗಾಳಿಯಿಂದ ನಡೆಯೋ ನೇಲ್ ಗನ್ ಟಕ್ ಟಕ್ ಅಂತ ನಿಮಿಷಕ್ಕೊಂದು ಪೆಟ್ಟಿಗೆ ಮುಗಿಸ್ತಾ ಇರುತ್ತೆ. ನಮ್ಮ ಕೆಲಸಕ್ಕೆ ಇದು ನಿಜವಾಗಿ ಆಗಿಬರುತ್ತಾ? ಆಗುತ್ತೆ, ಆದ್ರೆ ಎಲ್ಲ ಕೆಲಸಕ್ಕೂ ಅಲ್ಲ. ಆ ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದೆ ಗನ್ ಹಿಡಿದವರ ಶೆಡ್ ಮೊದಲ ಗಾಳಿ ಮಳೆಗೇ ಬಿಚ್ಚಿಕೊಳ್ಳುತ್ತೆ.

ಗನ್ ಕೆಲಸ ಮಾಡೋದು ಸರಳ. ಕಂಪ್ರೆಸರಿನ ಟ್ಯಾಂಕಿನಿಂದ ಪೈಪಿನಲ್ಲಿ ಬರೋ ಒತ್ತಡದ ಗಾಳಿ ಒಳಗಿನ ಪಿಸ್ಟನ್ನನ್ನು ಒಂದೇ ಏಟಿಗೆ ಕೆಳಗೆ ತಳ್ಳುತ್ತೆ. ಪಿಸ್ಟನ್ನಿಗೆ ಅಂಟಿಕೊಂಡಿರೋ ಉಕ್ಕಿನ ಪಟ್ಟಿ ಮೊಳೆಯನ್ನು ಮರದೊಳಗೆ ಇಳಿಸುತ್ತೆ. ಸುತ್ತಿಗೆಯಲ್ಲಿ ಆರೇಳು ಪೆಟ್ಟು ಬೀಳೋ ಕಡೆ ಇಲ್ಲಿ ಒಂದೇ ಪೆಟ್ಟು. ಅದಕ್ಕೇ ತೆಳು ಹಲಗೆ ಸೀಳೋದು ಕಡಿಮೆ, ಜೋಡಿಸಿಟ್ಟ ಮೂಲೆ ಅಲುಗಲ್ಲ. ಜೇನು ಪೆಟ್ಟಿಗೆಯ ಚೌಕಟ್ಟು ಸುತ್ತಿಗೆಯಲ್ಲಿ ಮಾಡಿ ನೋಡಿದವರಿಗೆ ಇದರ ಬೆಲೆ ಗೊತ್ತು. ಆ ಸಣ್ಣ ಪಟ್ಟಿಯ ತುದಿ ಸೀಳದೆ ಉಳಿಯೋದೇ ಕಷ್ಟ.

ಈಗ ಮುಖ್ಯ ವಿಷಯ, ಮೊಳೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗೋದು ಎಫ್-30, ಎಫ್-50 ಅನ್ನೋ ಗನ್. ಆ ಅಂಕಿ ಅಂದ್ರೆ ಅದು ಹೊಡೆಯೋ ಗರಿಷ್ಠ ಉದ್ದ, ಮಿಲಿಮೀಟರಿನಲ್ಲಿ. ಎರಡರಲ್ಲೂ ಬಳಸೋದು 18 ಗೇಜಿನ ಮೊಳೆ. ಗೇಜ್ ಸಂಖ್ಯೆ ಹೆಚ್ಚಾದಷ್ಟು ಮೊಳೆ ತೆಳು, ಇದನ್ನು ಉಲ್ಟಾ ತಿಳ್ಕೊಂಡವರು ಬಹಳ ಜನ. 18 ಗೇಜಿನ ಮೊಳೆ ಸುಮಾರು 1.25 ಮಿ.ಮೀ. ಅಗಲ, 1 ಮಿ.ಮೀ. ದಪ್ಪ ಅಷ್ಟೇ. ಕೈಯಲ್ಲಿ ಹೊಡೆಯೋ ಮಾಮೂಲಿ ಎರಡಿಂಚಿನ ಮೊಳೆ ಎರಡೂವರೆ ಮಿ.ಮೀ. ದಪ್ಪ ಇರುತ್ತೆ. ಲೆಕ್ಕ ಹಾಕಿ, ಗನ್ನಿನ ಮೊಳೆಯಲ್ಲಿರೋ ಕಬ್ಬಿಣ ಅದರ ಕಾಲು ಭಾಗ ಇರಬಹುದು ಅಷ್ಟೇ. ತಲೆಯೂ ಇಲ್ಲದಷ್ಟು ಸಣ್ಣದು. ಅಂದ್ರೆ ಎಳೆದರೆ ಹಲಗೆ ಮೊಳೆಯ ತಲೆ ದಾಟಿ ಕಿತ್ಕೊಂಡು ಬರುತ್ತೆ.

ಹಾಗಾಗಿ ಈ ಮೊಳೆ ನಿಜವಾಗಿ ಮಾಡೋದು ಗೋಂದು ಒಣಗೋವರೆಗೆ ಎರಡು ಹಲಗೆಯನ್ನು ಬಿಗಿಯಾಗಿ ಹಿಡಿದಿಡೋ ಕೆಲಸ. ಜೇನು ಪೆಟ್ಟಿಗೆ, ಬಾಗಿಲ ಪಟ್ಟಿ, ಪ್ಲೈವುಡ್ ಕಪಾಟಿನ ಹಿಂಬದಿ, ಬೀಜದ ಪೆಟ್ಟಿಗೆ, ಇವಕ್ಕೆಲ್ಲ ನೀರು ತಡೆಯೋ ಗೋಂದು ಹಚ್ಚಿ ಗನ್ ಹೊಡೆದರೆ ಬೇಕಾದಷ್ಟಾಯ್ತು. ಮೊಳೆಗಳನ್ನು ಒಂದನ್ನು ಆಕಡೆ, ಒಂದನ್ನು ಈಕಡೆ ಸ್ವಲ್ಪ ಓರೆಯಾಗಿ ಹೊಡೆದರೆ ಹಿಡಿತ ಇನ್ನೂ ಚೆನ್ನಾಗಿರುತ್ತೆ. ಉದ್ದಕ್ಕೆ ಒಂದು ಲೆಕ್ಕ ಇಟ್ಕೊಳ್ಳಿ: ಮೇಲಿನ ಹಲಗೆಯ ದಪ್ಪದ ಮೂರು ಪಟ್ಟು. 12 ಮಿ.ಮೀ. ಪ್ಲೈವುಡ್ಡಿಗೆ 35ರ ಮೊಳೆ, ಮುಕ್ಕಾಲು ಇಂಚಿನ ಹಲಗೆಗೆ 50ರದು.

ಛಾವಣಿಯ ಪಕಾಸಿಗೆ, ರೀಪಿಗೆ, ಶೆಡ್ಡಿನ ಕಂಬಕ್ಕೆ ಈ ಗನ್ ಬೇಡವೇ ಬೇಡ. ಜೂನ್ ಗಾಳಿ ಶೀಟನ್ನು ಕೆಳಗಿನಿಂದ ಮೇಲಕ್ಕೆತ್ತುತ್ತೆ, ಅಲ್ಲಿ ಬೇಕಾಗಿರೋದು ಎಳೆತ ತಡೆಯೋ ಬೋಲ್ಟು, ಸ್ಕ್ರೂ. ಮೇಕೆ ಅಟ್ಟಣಿಗೆಗೂ ಇದೇ ಮಾತು. ಪಟ್ಟಿಗಳ ನಡುವೆ ಅರ್ಧ ಇಂಚು ಸಂದು ಬಿಟ್ಟು ಕೂರಿಸೋ ನೆಲ ಅದು. ಒಂದು ಪಟ್ಟಿ ಸಡಿಲಾಗಿ ಸಂದು ಅಗಲವಾಯ್ತು ಅಂದ್ರೆ ಮೇಕೆ ಕಾಲು ಸಿಕ್ಕಿ ಮುರಿಯುತ್ತೆ. ಜೊತೆಗೆ ಮೂತ್ರ ಬಿದ್ದು ಬಿದ್ದು ತೆಳು ಮೊಳೆ ಬೇಗ ತುಕ್ಕು ಹಿಡಿಯುತ್ತೆ. ಪಟ್ಟಿಗಳನ್ನು ಅಳತೆಗೆ ನಿಲ್ಲಿಸೋಕೆ ಗನ್ ಬಳಸಿ, ಆಮೇಲೆ ಪ್ರತಿ ಪಟ್ಟಿಗೂ ಎರಡೂ ಕಡೆ ಸ್ಕ್ರೂ ಹಾಕಿ. ಪ್ಯಾಲೆಟ್ ಮಾಡೋರ ಹತ್ತಿರ ಇರೋ ಕಾಯಿಲ್ ನೇಲರ್ ಬೇರೆ ಜಾತಿ. ಅದರ ಮೊಳೆ ದಪ್ಪ, ಮೈಮೇಲೆ ಉಂಗುರದ ಗೆರೆ ಇರುತ್ತೆ, ಹಿಡಿತ ಗಟ್ಟಿ. ಆದ್ರೆ ಅದಕ್ಕೆ ದೊಡ್ಡ ಕಂಪ್ರೆಸರ್ ಬೇಕು, ವರ್ಷಕ್ಕೊಂದು ಶೆಡ್ ಕಟ್ಟೋರಿಗೆ ಲಾಭ ಇಲ್ಲ.

ಮರವೂ ಮುಖ್ಯ. ಸಿಲ್ವರ್ ಓಕ್‌ಗೆ ಗನ್ ಬೆಣ್ಣೆಗೆ ಚಾಕು ಹಾಕಿದ ಹಾಗೆ. ಒಣಗಿದ ಅಕೇಶಿಯಾ, ಮತ್ತಿ ಇಂಥವಕ್ಕೆ ಮೊಳೆ ಅರ್ಧಕ್ಕೆ ನಿಂತು ಮಡಚಿಕೊಳ್ಳುತ್ತೆ. ಅಡಿಕೆ ದಬ್ಬೆಗೆ ಹೊಡೀಬೇಡಿ, ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಮೊಳೆಗೆ ಹಿಡ್ಕೊಳ್ಳೋಕೆ ಜಾಗವೇ ಇಲ್ಲ. ಅಜ್ಜಂದಿರು ಕಟ್ಟಿ ಬಿಗಿದಿದ್ದೇ ಸರಿ.

ಎಫ್-50 ಗನ್ನಿಗೆ 60ರಿಂದ 100 ಪಿಎಸ್‌ಐ ಒತ್ತಡ ಸಾಕು. ಮೊದಲು 70ಕ್ಕೆ ಇಟ್ಟು ಬೇಡವಾದ ಚೂರಿಗೆ ಹೊಡೆದು ನೋಡಿ, ಮೊಳೆ ಮೇಲ್ಮೈಯಿಂದ ಒಂದು ಮಿ.ಮೀ. ಒಳಗಿಳಿದರೆ ಸರಿ, ಇಳಿಯದಿದ್ರೆ ಐದೈದೇ ಏರಿಸಿ. ಕಂಪ್ರೆಸರ್ 1 ಎಚ್‌ಪಿ, 25 ಲೀಟರ್ ಟ್ಯಾಂಕ್ ಆದ್ರೆ ಆಯ್ತು. 8 ಬಾರ್‌ನಿಂದ 5 ಬಾರ್‌ಗೆ ಇಳಿಯೋದ್ರೊಳಗೆ ಅದು 75 ಲೀಟರ್ ಗಾಳಿ ಕೊಡುತ್ತೆ. ಒಂದು ಏಟಿಗೆ ಹೆಚ್ಚೂಕಡಿಮೆ ಒಂದು ಲೀಟರ್ ಅಂದ್ರೂ ಎಪ್ಪತ್ತು ಮೊಳೆ, ಮೋಟರ್ ಮತ್ತೆ ಶುರು ಆಗೋ ಮೊದಲೇ. ತೋಟದ ಮನೆಗಳಲ್ಲಿ ವೋಲ್ಟೇಜ್ ಕಡಿಮೆ ಇದ್ರೆ ಮೋಟರ್ ಗುಂಯ್ ಅಂತ ಎದ್ದೇಳದೆ ಬಿಸಿಯಾಗುತ್ತೆ. ಆಗ ಉದ್ದದ ತೆಳು ಎಕ್ಸ್‌ಟೆನ್ಷನ್ ವಯರ್ ಬಿಟ್ಟು, ಕಂಪ್ರೆಸರನ್ನು ಪ್ಲಗ್ಗಿನ ಹತ್ತಿರವೇ ಇಟ್ಟು ಗಾಳಿ ಪೈಪನ್ನೇ ಉದ್ದ ಎಳೆಯಿರಿ.

ಇನ್ನು ಕೈ ಕಣ್ಣಿನ ವಿಷಯ. ಕನ್ನಡಕ ಇಲ್ಲದೆ ಟ್ರಿಗರ್ ಮುಟ್ಟಬೇಡಿ. ಮೊಳೆ ಗಂಟಿಗೆ ತಾಗಿದ್ರೆ ಒಳಗೇ ಬಾಗಿ ಹಲಗೆಯ ಪಕ್ಕದಿಂದ ಹೊರಗೆ ಬರುತ್ತೆ, ಸರಿಯಾಗಿ ನಿಮ್ಮ ಬೆರಳು ಹಿಡಿದಿರೋ ಜಾಗದಲ್ಲಿ. ಹಿಡಿಯೋ ಕೈ ಒಂದು ಗೇಣಾದ್ರೂ ದೂರ ಇರಲಿ. ಗನ್ನಿನ ಮೂತಿ ಒತ್ತಿದಾಗ ಮಾತ್ರ ಹೊಡೆಯೋ ಬೀಗ ಇರುತ್ತೆ, ಬೇಗ ಆಗಲಿ ಅಂತ ಅದಕ್ಕೆ ತಂತಿ ಕಟ್ಟಿ ಹಿಂದಕ್ಕೆ ಎಳೆದಿಡೋರನ್ನು ನೋಡಿದ್ದೇನೆ. ಅಂಥ ಗನ್ ಮನೆಯೊಳಗೇ ತರಬೇಡಿ. ಮೊಳೆ ಸಿಕ್ಕಿಕೊಂಡಾಗ ಮೊದಲು ಪೈಪ್ ಬಿಚ್ಚಿ, ಆಮೇಲೆ ಮೂತಿ ತೆಗೆಯಿರಿ. ಪೈಪ್ ಜೋಡಿಸೋವಾಗ ಟ್ರಿಗರ್ ಮೇಲೆ ಬೆರಳು ಇರಬಾರದು. ಕಂಪ್ರೆಸರ್ ಇಲ್ಲ ಅಂತ ವೆಲ್ಡಿಂಗ್‌ನವರ ಆಕ್ಸಿಜನ್ ಸಿಲಿಂಡರಿಗೆ ಎಂದೂ ಜೋಡಿಸಬೇಡಿ. ಆಕ್ಸಿಜನ್ ಗನ್ನಿನೊಳಗಿನ ಎಣ್ಣೆ ಜೊತೆ ಸೇರಿದರೆ ಸ್ಫೋಟ ಆಗುತ್ತೆ.

ಕೈಗೆ ಮೊಳೆ ಹೊಕ್ಕರೆ ಎಳೆದು ತೆಗೆಯೋಕೆ ಹೋಗಬೇಡಿ. ಒಳಗೆ ನರ, ರಕ್ತನಾಳಕ್ಕೆ ಏನಾಗಿದೆ ಅಂತ ಹೊರಗಿನಿಂದ ತಿಳಿಯಲ್ಲ. ಅಲುಗದ ಹಾಗೆ ಬಟ್ಟೆ ಸುತ್ತಿ ಹಾಗೇ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಡಾಕ್ಟರಿಗೆ ಹೇಳಿ. ಸಗಣಿ, ಮಣ್ಣಲ್ಲೇ ಓಡಾಡೋ ನಮಗೆ ಧನುರ್ವಾಯುವಿನ ಅಪಾಯ ಹೆಚ್ಚು.

ಗನ್ನಿನ ಆರೈಕೆ ಹೆಚ್ಚಿಲ್ಲ. ಕೆಲಸ ಶುರು ಮಾಡೋ ಮೊದಲು ಗಾಳಿ ಒಳಹೋಗೋ ತೂತಿಗೆ ಏರ್ ಟೂಲ್ ಎಣ್ಣೆ ಎರಡು ಮೂರು ಹನಿ ಬಿಡಿ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕಿನ ಗಾಳಿ ಬಿಟ್ಟು, ಅಡಿಯ ವಾಲ್ವ್ ತೆರೆದು ನೀರು ಬಸಿಯಿರಿ. ಮಳೆಗಾಲದಲ್ಲಿ ಒಂದೇ ದಿನಕ್ಕೆ ಎಷ್ಟು ನೀರು ಬರುತ್ತೆ ಅಂತ ನೋಡಿದ್ರೆ, ಟ್ಯಾಂಕ್ ಒಳಗಿನಿಂದ ಯಾಕೆ ತುಕ್ಕು ಹಿಡಿಯುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ.