ಹಾಸ್ಟೆಲ್ ಹಸಿಕಸ ಮತ್ತು ವಿದ್ಯಾರ್ಥಿಗಳ ಪರಿಸರ ಕೆಲಸ

ಕ್ಯಾಂಪಸ್ಸುಗಳಲ್ಲಿ ಪರಿಸರದ ಕೆಲಸವೆಂದರೆ ಮೊದಲು ನೆನಪಾಗುವುದು ಜೂನ್ 5ರಂದು ಗಿಡ ನೆಡುವ ಕಾರ್ಯಕ್ರಮ. ನಿತ್ಯದ ಹೊರೆ ಬೀಳುವುದು ಮಾತ್ರ ಹಾಸ್ಟೆಲ್ ಮೆಸ್ಸಿನ ಹಿಂಬಾಗಿಲಲ್ಲಿ: ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಬಿಟ್ಟ ಅನ್ನ ಸಾಂಬಾರು, ಭಾನುವಾರದ ಕೋಳಿ ಮೂಳೆ. ಬೆಂಗಳೂರಿನ ಇಂಥ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಮಗ್ಗುಲಿಗೆ. ಮಾವಳ್ಳಿಪುರದ ಘಟಕ 2012ರಲ್ಲಿ ಮುಚ್ಚಿತು. ಮಂಡೂರಿನವರು ರಸ್ತೆಗಿಳಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿಗಳು ಹೋಗುವುದು ನಿಂತಿತು. ಆಮೇಲೆ ಬಂದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಹೊರಹಾಕುವ ಸಂಸ್ಥೆಗಳನ್ನು, ವಿಶ್ವವಿದ್ಯಾಲಯ ಮತ್ತು ಹಾಸ್ಟೆಲ್‌ಗಳನ್ನೂ ಸೇರಿಸಿ, ಪ್ರತ್ಯೇಕವಾಗಿ ಗುರುತಿಸಿದವು. ವಾರ್ಡನ್ ಮುಂದೆ ಭೂಮಿ ಉಳಿಸುವ ಭಾಷಣ ಮಾಡುವುದಕ್ಕಿಂತ ಈಗ ಜಾರಿಯಲ್ಲಿರುವ ನಿಯಮದ ಒಂದು ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ.

ಮೆಸ್ಸಿನ ಕಸದ ಗುಣ ಮನೆಯ ಕಸದಂತಲ್ಲ. ಬೆಂದ ಅನ್ನ, ಸಾಂಬಾರಿನಲ್ಲಿ ನೀರು, ಎಣ್ಣೆ, ಉಪ್ಪು ಹೆಚ್ಚು. ಹಾಗೇ ಗೊಬ್ಬರದ ತೊಟ್ಟಿಗೆ ಸುರಿದರೆ ಗಾಳಿಯಾಡದೆ ಕೆಲವೇ ದಿನಗಳಲ್ಲಿ ಹುಳಿನಾತ ಹಿಡಿಯುತ್ತದೆ, ಅಡಿಯಿಂದ ಕಪ್ಪು ರಸ ಸೋರುತ್ತದೆ. ಒಳ್ಳೆಯ ಗೊಬ್ಬರವಾಗಬೇಕಾದರೆ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ 30ಕ್ಕೆ 1ರ ಪ್ರಮಾಣದಲ್ಲಿರಬೇಕು. ಅಡುಗೆ ಕಸದಲ್ಲಿ ಸಾರಜನಕದ ಪಾಲು ಜಾಸ್ತಿ. ಕೊರತೆಯಾಗುವ ಇಂಗಾಲ ಕ್ಯಾಂಪಸ್ಸಿನ ರಸ್ತೆಯ ಮೇಲೆಯೇ ಬಿದ್ದಿರುತ್ತದೆ, ಹೊಂಗೆ, ಗುಲ್‌ಮೊಹರ್, ಮಳೆಮರಗಳ ತರಗೆಲೆಯಾಗಿ. ಅದನ್ನು ಗುಡಿಸಿ ಬೆಂಕಿ ಹಚ್ಚುವ ಚಾಳಿ ಇನ್ನೂ ಹೋಗಿಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿತ್ತು.

ತರಗೆಲೆ ಉದುರುವುದು ಬೇಸಿಗೆಗೆ ಮುಂಚೆ. ಅದು ಹೆಚ್ಚು ಬೇಕಾಗುವುದು ಮಳೆಗಾಲದಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲೇ ಗೋಣಿಚೀಲಕ್ಕೆ ತುಂಬಿ ಸೂರಿನಡಿ ಇಟ್ಟುಕೊಳ್ಳದಿದ್ದರೆ ಜುಲೈನಲ್ಲಿ ತೊಟ್ಟಿ ನಾರುವುದು ಖಂಡಿತ. ಈ ಲೇಖಕ ಕೆಲಸ ಮಾಡಿದ ಹಾಸ್ಟೆಲ್ಲಿನಲ್ಲಿ ಇದನ್ನು ಮೊದಲು ಹೇಳಿದವನು ತೋಟದ ಮಾಲಿ. ಸಸ್ಯಶಾಸ್ತ್ರ ಓದುತ್ತಿದ್ದವರಿಗೆ ಹೊಳೆದಿರಲಿಲ್ಲ. ಪರೀಕ್ಷೆಯ ಉಪಾಯವೂ ಅವನದೇ: ರಾಶಿಯ ನಡುವೆ ಕಬ್ಬಿಣದ ಸರಳು ನೆಟ್ಟು ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ತುದಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ತಣ್ಣಗಿದ್ದರೆ ರಾಶಿ ಮಗುಚಬೇಕು, ತೀರಾ ಒದ್ದೆಯಾಗಿದ್ದರೆ ಇನ್ನಷ್ಟು ಎಲೆ ಬೆರೆಸಬೇಕು. ಮೊದಲ ಸಲ ಸಗಣಿ ಬಗ್ಗಡವನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸಿದರೆ ಸಾಕು, ಕಸ ಕರಗಿಸುವ ದುಬಾರಿ ಪುಡಿಯ ಅಗತ್ಯ ಬೀಳುವುದಿಲ್ಲ.

ಕಸ ಕರಗಿಸುವುದಕ್ಕಿಂತ ಅದನ್ನು ಹುಟ್ಟಿಸದಿರುವುದು ಅಗ್ಗ. ತಟ್ಟೆ ತೊಳೆಯುವ ಜಾಗದಲ್ಲಿ ಒಂದು ತೂಕದ ಯಂತ್ರ ಇಟ್ಟು, ಹಿಂದಿನ ದಿನ ಬಿಟ್ಟ ಅನ್ನ ಎಷ್ಟು ಕಿಲೋ ಎಂದು ಹಲಗೆಯ ಮೇಲೆ ಬರೆದರೆ ಯಾರಿಗೂ ಉಪದೇಶ ಮಾಡಬೇಕಾಗುವುದಿಲ್ಲ. ಎರಡನೇ ಸಲ ಬಡಿಸಿಕೊಳ್ಳಲು ಸಾಲು ಚಿಕ್ಕದಾಗಿರಬೇಕು, ಅಷ್ಟೆ. ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಭಯದಲ್ಲೇ ಮೊದಲ ಸಲ ಅನ್ನ ಹೆಚ್ಚು ಹಾಕಿಸಿಕೊಳ್ಳುತ್ತಾರೆ.

ಬೇರ್ಪಡಿಸುವ ಕೆಲಸ ಕೊನೆಗೆ ಅಡುಗೆಮನೆಯವರ ಮತ್ತು ಪೌರಕಾರ್ಮಿಕರ ಕೈಯಲ್ಲೇ ಆಗುತ್ತದೆ. ಹೈಕೋರ್ಟ್ ಆದೇಶದ ಮೇಲೆ ಬೆಂಗಳೂರಿಗೆ ಬಂದ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಸರಳವೇ: ಹಸಿಗೆ ಹಸಿರು ಡಬ್ಬಿ, ಸ್ಯಾನಿಟರಿ ಪ್ಯಾಡ್ ಮುಂತಾದವಕ್ಕೆ ಕೆಂಪು, ಒಣಕಸಕ್ಕೆ ಚೀಲ. ಆದರೂ ಗೋಡೆಗೆ ಅಂಟಿಸಿದ ಇಂಗ್ಲಿಷ್ ಪೋಸ್ಟರಿನಿಂದ ಏನೂ ನಡೆಯಲಿಲ್ಲ. ಪಾತ್ರೆ ತೊಳೆಯುವಾಕೆ “ಪೇಪರ್ ಲೋಟ ಯಾವ ಬಕೆಟ್ಟಿಗೆ ಹಾಕ್ಬೇಕು ಹೇಳಪ್ಪ, ಅದು ಕಾಗದ ಅಲ್ವಾ?” ಎಂದು ಕೇಳಿದ್ದು ಪೋಸ್ಟರ್ ಬರೆದವರಿಗಿಂತ ಸೂಕ್ಷ್ಮವಾದ ಪ್ರಶ್ನೆ. ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುವುದರಿಂದ ಅದು ಗೊಬ್ಬರಕ್ಕೆ ಆಗದು. ಫೆಸ್ಟ್ ದಿನಗಳಲ್ಲಿ ಸ್ಟೀಲ್ ಲೋಟ, ತಟ್ಟೆಗಳನ್ನು ಎರವಲು ತಂದರೆ ಆ ಪ್ರಶ್ನೆಯೇ ಇರುವುದಿಲ್ಲ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಇದೇ ಕೆಲಸಕ್ಕಿದೆ.

ವಿದ್ಯಾರ್ಥಿ ಗುಂಪುಗಳ ದೊಡ್ಡ ತೊಡಕು ಉತ್ಸಾಹದ ಕೊರತೆಯಲ್ಲ, ಅವರು ಊರು ಬಿಟ್ಟು ಹೋಗುವವರು ಎಂಬುದು. ಸ್ನಾತಕೋತ್ತರ ಪದವಿಗೆ ಎರಡೇ ವರ್ಷ, ಅದರಲ್ಲಿ ಪರೀಕ್ಷೆ, ರಜೆ ಕಳೆದರೆ ಉಳಿಯುವುದು ಸ್ವಲ್ಪ. ತೊಟ್ಟಿಯ ಕೀಲಿ ಒಬ್ಬ ಹುಡುಗನ ಜೇಬಿನಲ್ಲಿದ್ದ ಕಡೆ ಅವನು ಪದವಿ ಮುಗಿಸಿದ ಜೂನ್‌ನಲ್ಲೇ ಎಲ್ಲ ಮುಗಿಯುತ್ತದೆ. ತೊಟ್ಟಿ ನೋಡಿಕೊಳ್ಳುವುದು ಮಾಲಿಯ ಕೆಲಸದ ಪಟ್ಟಿಗೆ ಸೇರಿ, ಅದಕ್ಕೆ ತಕ್ಕ ಕೂಲಿ, ಕೈಗವಸು ಸಿಕ್ಕ ಕಡೆ ಗೊಬ್ಬರ ಬರುತ್ತಲೇ ಇರುತ್ತದೆ. ಹಾಸ್ಟೆಲ್ ಸಮಿತಿಯ ನಡಾವಳಿಯಲ್ಲಿ ಒಂದು ಸಾಲು ಬರೆಸುವುದು ನೂರು ಜನರ ಜಾಥಾಕ್ಕಿಂತ ಬೇಸರದ ಕೆಲಸ, ಆದರೆ ಹೆಚ್ಚು ಬಾಳುತ್ತದೆ.

ಕ್ಯಾಂಪಸ್ಸಿನ ಹೊರಗಿನ ಹೋರಾಟಕ್ಕೂ ಇದೇ ಬಗೆಯ ತಾಳ್ಮೆ ಬೇಕು. ಬೆಂಗಳೂರಿನ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರ ಕಡಿಯಬೇಕೆಂದಾಗ, 2016ರ ಅಕ್ಟೋಬರ್ 16ರಂದು ಜನ ಕೈಕೈ ಹಿಡಿದು ನಿಂತರು; 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸರಪಳಿಯ ಫೋಟೊ ಎಲ್ಲರಿಗೂ ನೆನಪಿದೆ, ಅದರ ಜೊತೆಗೇ ನಡೆದ ಅರ್ಜಿ, ನ್ಯಾಯಾಲಯದ ಓಡಾಟ ಅಷ್ಟಾಗಿ ನೆನಪಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವ ಮುನ್ನ ವೃಕ್ಷಾಧಿಕಾರಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಇಲ್ಲಿ ವಿದ್ಯಾರ್ಥಿಗಳ ಓದು ನೇರವಾಗಿ ಕೆಲಸಕ್ಕೆ ಬರುತ್ತದೆ. ಯಾವ ಮರ, ಯಾವ ಜಾತಿ, ಸುತ್ತಳತೆ ಎಷ್ಟು, ಕಾಂಡಕ್ಕೆ ಬಡಿದ ಸಂಖ್ಯೆ ಯಾವುದು ಎಂದು ಒಂದೊಂದನ್ನೂ ನೋಡಿ ಬರೆದ ಆಕ್ಷೇಪಣೆಗೆ ಉತ್ತರ ಕೊಡದೆ ತಳ್ಳಿಹಾಕುವುದು ಅಧಿಕಾರಿಗೆ ಕಷ್ಟ. ಪತ್ರಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದರೆ, ಮುಂದೆ ಅದು ಏನಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಲೂ ಬರುತ್ತದೆ.