ಗಿಟಾರ್ ಗುರುವಿನ ಆಯ್ಕೆ

ವಾದ್ಯವನ್ನು ಕೊಳ್ಳುವುದು ಒಂದು ದಿನದ ಕೆಲಸ. ಗುರುವನ್ನು ಹುಡುಕುವುದು ಹಾಗಲ್ಲ. ವೀಣೆಗಾಗಲಿ ಕೊಳಲಿಗಾಗಲಿ ಗುರುವನ್ನು ಅರಸುವ ದಾರಿ ನಮ್ಮ ಹಿರಿಯರಿಗೆ ಗೊತ್ತುಂಟು. ಇವರು ಇಂಥವರ ಶಿಷ್ಯರು ಎಂಬ ಒಂದು ಮಾತೇ ಅಲ್ಲಿ ಸಾಕಷ್ಟು ಪರಿಚಯ ಮಾಡಿಕೊಡುತ್ತದೆ. ಗಿಟಾರಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಅಂಥ ತಿಳಿವಳಿಕೆ ಇನ್ನೂ ಬೆಳೆದಿಲ್ಲ. ಗೋಡೆಯ ಮೇಲಿನ ಜಾಹೀರಾತನ್ನೋ ಫೋನಿನಲ್ಲಿ ಬಂದ ಸಂದೇಶವನ್ನೋ ನಂಬಿ ಹೋಗುವವರೇ ಹೆಚ್ಚು. ನಮ್ಮಂಥ ವಿದ್ಯಾರ್ಥಿಗಳ ಮನೆಗಳಲ್ಲಿ ಪಾಠದ ಶುಲ್ಕವೆಂಬುದು ಬೇರೆ ಯಾವುದೋ ಖರ್ಚನ್ನು ಹಿಡಿದು ಉಳಿಸಿದ ಹಣ. ಹಣದ ನಷ್ಟಕ್ಕಿಂತಲೂ ದೊಡ್ಡದು ಇನ್ನೊಂದುಂಟು: ತಕ್ಕ ಪಾಠ ದೊರೆಯದ ಮಗು 'ನನಗೆ ಸಂಗೀತ ಬಾರದು' ಎಂದು ತೀರ್ಮಾನಿಸಿಬಿಡುತ್ತದೆ. ನನಗಾಗಿಯೂ ನನ್ನ ತಂಗಿಗಾಗಿಯೂ ಗುರುವನ್ನು ಹುಡುಕುವಾಗ ನಾನು ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಉಪಯೋಗಕ್ಕೆಂದು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಕಲಿಯಬೇಕಾದುದು ಯಾವ ಗಿಟಾರ್ ಎಂಬುದು ಸ್ಪಷ್ಟವಾಗಬೇಕು. ಹೆಸರು ಒಂದೇ ಆದರೂ ವಿದ್ಯೆ ಬೇರೆ ಬೇರೆ. ಎದೆಗೆ ಆನಿಸಿ ಹಿಡಿದು, ಎಡಗೈ ಬೆರಳುಗಳಿಂದ ಮೆಟ್ಟಿಲುಗಳ ಬಳಿ ತಂತಿಯನ್ನೊತ್ತಿ ನುಡಿಸುವುದು ಸ್ಪ್ಯಾನಿಷ್ ಗಿಟಾರ್. ಇದರಲ್ಲಿಯೂ ನೈಲಾನ್ ತಂತಿಯ ಕ್ಲಾಸಿಕಲ್, ಉಕ್ಕಿನ ತಂತಿಯ ಅಕೂಸ್ಟಿಕ್, ಮತ್ತು ಎಲೆಕ್ಟ್ರಿಕ್ ಎಂಬ ಭೇದಗಳಿವೆ. ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸುತ್ತ ನುಡಿಸುವುದು ಹವಾಯಿಯನ್ ಗಿಟಾರ್. 1967ರ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಅವರು ಹಿಂದೂಸ್ತಾನಿ ರಾಗಗಳನ್ನು ನುಡಿಸಿದುದು ಈ ಬಗೆಯಲ್ಲಿ. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಇದೇ ಕುಲದ್ದು. ಮೋಹನವೀಣೆಗೆ ಮನಸೋತವನು, ಚಲನಚಿತ್ರಗೀತೆಗಳಿಗೆ ಕಾರ್ಡ್ ಹಿಡಿಯುವುದನ್ನು ಕಲಿಸುವವರ ಬಳಿಗೆ ಹೋದರೆ ಗುರುಶಿಷ್ಯರಿಬ್ಬರ ಕಾಲವೂ ವ್ಯರ್ಥ.

ಎರಡನೆಯದು ವಾದ್ಯದ ಅಳತೆ. ದೊಡ್ಡವರ ಕ್ಲಾಸಿಕಲ್ ಗಿಟಾರಿನಲ್ಲಿ ತಂತಿಯ ಮಿಡಿಯುವ ಉದ್ದ ಸುಮಾರು 65 ಸೆಂಟಿಮೀಟರ್. ಅದರಲ್ಲಿ ಮೊದಲ ನಾಲ್ಕು ಮೆಟ್ಟಿಲುಗಳು ಸೇರಿ 13 ಸೆಂಟಿಮೀಟರಿಗಿಂತ ಹೆಚ್ಚು ಜಾಗವನ್ನು ಹಿಡಿಯುತ್ತವೆ. 53 ಸೆಂಟಿಮೀಟರ್ ತಂತಿಯ ಚಿಕ್ಕ ಗಿಟಾರಿನಲ್ಲಿ ಆ ನಾಲ್ಕೂ 11 ಸೆಂಟಿಮೀಟರಿನೊಳಗೆ ಮುಗಿಯುತ್ತವೆ. ಮಗುವಿನ ನಾಲ್ಕು ಬೆರಳುಗಳಿಗೆ ಈ ಎರಡು ಸೆಂಟಿಮೀಟರ್ ಅಂತರ ಸಣ್ಣದಲ್ಲ. ನನ್ನ ತಂಗಿಗೆ ಎಂಟು ವರ್ಷ. ನಾವು ಮೊದಲು ಕಂಡ ಶಿಕ್ಷಕರು ಉಕ್ಕಿನ ತಂತಿಯ, ಪೂರ್ಣ ಅಳತೆಯ ವಾದ್ಯವನ್ನು ಅವಳ ತೊಡೆಯ ಮೇಲಿರಿಸಿ, 'ನೋಯದೆ ವಿದ್ಯೆ ಬರುವುದಿಲ್ಲ, ಮಗು' ಎಂದರು. ಮೂರನೆಯ ವಾರದ ಹೊತ್ತಿಗೆ ಗಿಟಾರಿನ ಹೆಸರೆತ್ತಿದರೆ ಅವಳು ಕೈಗಳನ್ನು ಬೆನ್ನ ಹಿಂದೆ ಮರೆಸಿಕೊಳ್ಳುತ್ತಿದ್ದಳು. ಅನಂತರ ದೊರೆತ ಶಿಕ್ಷಕಿಯವರು ಮೊದಲು ಅವಳ ಅಂಗೈಯನ್ನು ನೋಡಿದರು. ನೈಲಾನ್ ತಂತಿಯ ಚಿಕ್ಕ ವಾದ್ಯವನ್ನು ಕೈಗಿತ್ತು, ಎಡಪಾದದ ಕೆಳಗೆ ಒಂದು ಪುಟ್ಟ ಮಣೆಯನ್ನಿಟ್ಟರು. ಅಂದಿನ ಪಾಠ ಒಂದೇ ತಂತಿ, ಮೂರೇ ಸ್ವರ. ಮನೆಗೆ ಬಂದವಳು ಆ ಮೂರು ಸ್ವರಗಳನ್ನು ಅಜ್ಜಿಗೆ ಹತ್ತು ಸಲವಾದರೂ ಕೇಳಿಸಿರಬೇಕು. ಆರಂಭದಲ್ಲಿ ಬೆರಳ ತುದಿ ಸ್ವಲ್ಪ ನೋಯುವುದು ಸಹಜ. ಮಣಿಕಟ್ಟು ಅಥವಾ ಭುಜ ನೋಯುತ್ತಿದೆ ಎಂದರೆ ಕುಳಿತ ಭಂಗಿಯನ್ನೂ ವಾದ್ಯವನ್ನೂ ಪರೀಕ್ಷಿಸದೆ ಪಾಠವನ್ನು ಮುಂದುವರಿಸುವವರು ಮಕ್ಕಳಿಗೆ ತಕ್ಕ ಗುರುಗಳಲ್ಲ.

ಮೂರನೆಯದು ಪಾಠದ ಕ್ರಮ. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂಬ ಏಣಿ ಕರ್ನಾಟಕ ಸಂಗೀತದಲ್ಲಿ ಇದೆಯಷ್ಟೆ. ಗಿಟಾರಿಗೂ ಇಂಥ ಏಣಿಗಳುಂಟು. ಸ್ಪೇನಿನ ಫೆರ್ನಾಂಡೊ ಸೋರ್ ತನ್ನ ಬೋಧನಾಕ್ರಮವನ್ನು 1830ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅವನ ಅಭ್ಯಾಸಪಾಠಗಳನ್ನು ಇಂದಿಗೂ ಕಲಿಸುತ್ತಾರೆ. 1877ರಿಂದ ಸಂಗೀತ ಪರೀಕ್ಷೆಗಳನ್ನು ನಡೆಸುತ್ತ ಬಂದಿರುವ ಲಂಡನ್ನಿನ ಟ್ರಿನಿಟಿ ಕಾಲೇಜು, ಗಿಟಾರಿಗೆ ಆರಂಭಿಕ ಹಂತದಿಂದ ಎಂಟನೆಯ ಶ್ರೇಣಿಯವರೆಗೆ ಪಠ್ಯವನ್ನು ಗೊತ್ತುಪಡಿಸಿದೆ. ಪರೀಕ್ಷೆ ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ಆದರೆ 'ಮೂರು ತಿಂಗಳಾದ ಮೇಲೆ ನಾನು ಏನನ್ನು ನುಡಿಸಬಲ್ಲೆ?' ಎಂದು ಕೇಳಿದಾಗ ಗುರುಗಳಲ್ಲಿ ಖಚಿತವಾದ ಉತ್ತರವಿರಬೇಕು. ಐದು ಗೆರೆಗಳ ಸ್ವರಲಿಪಿಯನ್ನು ಕಲಿಸುವರೋ, ತಂತಿಗೊಂದರಂತೆ ಆರು ಗೆರೆ ಎಳೆದು ಮೆಟ್ಟಿಲಿನ ಸಂಖ್ಯೆ ಬರೆಯುವ ಟ್ಯಾಬ್ ಮಾತ್ರವೋ ಎಂಬುದನ್ನೂ ಕೇಳಬೇಕು. ವಾದ್ಯವನ್ನು ತಾನೇ ಶ್ರುತಿಮಾಡಿಕೊಳ್ಳಲು ಶಿಷ್ಯನಿಗೆ ಕಲಿಸದ ಗುರು ಅವನನ್ನು ಸದಾ ತನ್ನ ಬಾಗಿಲಲ್ಲೇ ನಿಲ್ಲಿಸಿಕೊಂಡಂತೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಫೋನಿನಲ್ಲಿ ಬಿಟ್ಟಿಯಾಗಿ ಸಾವಿರ ಪಾಠಗಳಿರುವಾಗ ಗುರು ಏಕೆ? ಜಗತ್ಪ್ರಸಿದ್ಧನಾದ ಸೆಗೋವಿಯಾ (1893–1987) ಬಹುಮಟ್ಟಿಗೆ ತನಗೆ ತಾನೇ ಗುರುವಾಗಿದ್ದನಲ್ಲವೇ? ನಿಜ. ಅಂಥ ಕಿವಿ ಇದ್ದವರಿಗೆ ಈ ಲೇಖನ ಬೇಡ. ಮುದ್ರಿತ ಪಾಠ ನಮಗೆ ನುಡಿಸಿ ತೋರಿಸುತ್ತದೆ. ನಾವು ನುಡಿಸಿದ್ದನ್ನು ಅದು ಕೇಳಲಾರದು. ಹೆಬ್ಬೆರಳು ಕತ್ತನ್ನು ಬಿಗಿಯಾಗಿ ಅದುಮಿದೆ, ಆದ್ದರಿಂದಲೇ ತಂತಿ ಗೊರಗುಟ್ಟುತ್ತಿದೆ ಎಂದು ಹೇಳಲು ಎದುರಿಗೆ ಒಂದು ಜೀವ ಬೇಕು. ಗುರುವಿಗೆ ನಾವು ಶುಲ್ಕ ಕೊಡುವುದು ಈ ಕೇಳುವಿಕೆಗಾಗಿ.

ಆದುದರಿಂದ ಒಂದು ತಿಂಗಳ ಹಣವನ್ನು ಕೊಡುವ ಮುನ್ನ ಒಂದೇ ಒಂದು ಪಾಠವನ್ನು ಪ್ರಯೋಗಕ್ಕಾಗಿ ಕೇಳಿ ಪಡೆಯುವುದು ಲೇಸು. ಅದು ಮುಗಿದ ಮೇಲೆ ನಾನು ನನ್ನನ್ನೇ ಕೇಳಿಕೊಂಡ ಪ್ರಶ್ನೆಗಳು ಮೂರು. ಆ ಹೊತ್ತಿನಲ್ಲಿ ಹೆಚ್ಚು ನುಡಿಸಿದವರು ಯಾರು, ಗುರುವೋ ಶಿಷ್ಯನೋ? ತಪ್ಪಿದಾಗ ತಪ್ಪಿಗೆ ಕಾರಣವನ್ನು ತೋರಿಸಿದರೋ, 'ಇನ್ನೊಮ್ಮೆ' ಎಂದಷ್ಟೇ ಅಂದರೋ? ನಾಳೆ ಮನೆಯಲ್ಲಿ ಏನು ಮಾಡಬೇಕೆಂಬುದು ತಿಳಿಯಿತೋ? ಅದ್ಭುತವಾಗಿ ನುಡಿಸುವ ಒಬ್ಬರು ನನಗೆ ಮುಕ್ಕಾಲು ಗಂಟೆ ಕಚೇರಿಯನ್ನೇ ಮಾಡಿದರು. ನಾನು ಚಪ್ಪಾಳೆ ತಟ್ಟಿ ಬಂದೆ, ಕಲಿತದ್ದು ಏನೂ ಇರಲಿಲ್ಲ. ಈಗಿನ ನನ್ನ ಗುರುಗಳು ಅಷ್ಟು ವೇಗವಾಗಿ ನುಡಿಸುವವರಲ್ಲ. ಅವರ ಬಳಿ ನಿವೃತ್ತರಾದ ಹಿರಿಯರೊಬ್ಬರೂ ಕಲಿಯುತ್ತಾರೆ. ಅವರ ಬಿಗಿದ ಬೆರಳುಗಳಿಗೆ ಒಂದು ಪಾಠ, ನನ್ನ ಆತುರಕ್ಕೆ ಇನ್ನೊಂದು.

ಉಳಿದವು ವ್ಯವಹಾರದ ಮಾತುಗಳು, ಮೊದಲೇ ಆಡಿ ಮುಗಿಸತಕ್ಕವು: ಶುಲ್ಕ ತಿಂಗಳಿಗೋ ಪಾಠಕ್ಕೋ, ತಪ್ಪಿದ ಪಾಠಕ್ಕೆ ಬದಲು ಪಾಠವುಂಟೋ, ಎಷ್ಟು ಹೊತ್ತು. ಚಿಕ್ಕ ಮಕ್ಕಳಿಗೆ ವಾರಕ್ಕೊಮ್ಮೆ ಅರ್ಧ ಗಂಟೆಯ ಪಾಠ, ದಿನವೂ ಹದಿನೈದು ನಿಮಿಷದ ಅಭ್ಯಾಸ ಸಾಕು. ಮಗುವಿನ ಪಾಠದ ವೇಳೆ ಮನೆಯ ಹಿರಿಯರೊಬ್ಬರು ಅಲ್ಲಿಯೇ ಕುಳಿತಿರಬೇಕು. ಅದಕ್ಕೆ ಒಪ್ಪದವರಲ್ಲಿಗೆ ಕಳುಹಿಸಬಾರದು. ಹೆಸರುಗಳನ್ನು ವಾದ್ಯದಂಗಡಿಯಲ್ಲಿ, ಚರ್ಚಿನ ಗಾಯಕವೃಂದದಲ್ಲಿ, ಈಗಾಗಲೇ ಕಲಿಯುತ್ತಿರುವವರಲ್ಲಿ ವಿಚಾರಿಸಬಹುದು. ಹೊಗಳಿಕೆಯನ್ನು ಕೇಳಿ ಬರುವುದಕ್ಕಿಂತ, ಅವರಲ್ಲಿ ಎರಡು ವರ್ಷ ಕಲಿತ ಒಬ್ಬ ಶಿಷ್ಯನ ವಾದನವನ್ನು ಕೇಳಿ ಬರುವುದು ಮೇಲು. ನಮ್ಮ ಕಾಲೇಜಿನಲ್ಲಿ ಯಾರಾದರೂ ಈ ವಿದ್ಯೆಗೆ ಕೈಹಾಕುವುದಾದರೆ, ಮೊದಲ ಪಾಠಕ್ಕೆ ಹೋಗುವ ಮುನ್ನ ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ ಎಂದು ಕೋರುತ್ತೇನೆ.