ಮನೆಯಿಂದಲೇ ಆರಂಭವಾಗುವ ಶಾಲಾ ವರ್ಷ: ಕುಟುಂಬದ ಪೂರ್ವಸಿದ್ಧತೆ

ಶಿಕ್ಷಣವು ಶಾಲೆಯ ನಾಲ್ಕು ಗೋಡೆಗಳ ಒಳಗೆ ಮಾತ್ರ ನಡೆಯತಕ್ಕ ಕಾರ್ಯವೆಂಬ ಭಾವನೆ ಜನಮನದಲ್ಲಿ ಬಹುಕಾಲದಿಂದ ಬೇರೂರಿತ್ತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕದ ನಿಮಿತ್ತ ದೇಶದಾದ್ಯಂತ ಶಾಲೆಗಳು ಮುಚ್ಚಿದಾಗ ಆ ಭಾವನೆ ಅಲುಗಾಡಿತು. ಮುಂಬಯಿ, ದೆಹಲಿ ಮೊದಲಾದ ನಗರಗಳಲ್ಲಿ 2020 ಮತ್ತು 2021ರ ಶಾಲಾ ವರ್ಷಗಳೆರಡೂ ಮನೆಯಿಂದಲೇ ಆರಂಭಗೊಂಡವು. ಸಾಂಕ್ರಾಮಿಕ ಅಡಗಿದ ಮೇಲೂ ಈ ಪರಿಸ್ಥಿತಿ ಸಂಪೂರ್ಣವಾಗಿ ಮರೆಯಾಗಿಲ್ಲ. 2024ರ ನವೆಂಬರಿನಲ್ಲಿ ವಾಯುಮಾಲಿನ್ಯ ವಿಪರೀತಕ್ಕೇರಿದಾಗ ದೆಹಲಿಯ ಮಕ್ಕಳು ಮತ್ತೆ ಕೆಲವು ದಿನ ಮನೆಯಲ್ಲಿ ಕುಳಿತು ಪಾಠ ಕೇಳಬೇಕಾಯಿತು. ಅತಿವೃಷ್ಟಿ, ಬಿಸಿಗಾಳಿ, ರೋಗ - ಯಾವ ಕಾರಣಕ್ಕಾದರೂ ಶಾಲೆಯ ಬಾಗಿಲು ತಡವಾಗಿ ತೆರೆಯಬಹುದು. ಅಂಥ ವರ್ಷಕ್ಕೆ ಕುಟುಂಬವೊಂದು ಹೇಗೆ ಅಣಿಯಾಗಬೇಕೆಂಬುದು ಇಂದಿಗೂ ವಿಚಾರಯೋಗ್ಯವಾದ ವಿಷಯ.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದರಲ್ಲಿ ಒಂದು ವಿಶೇಷ ತೊಡಕು ಉಂಟು. ಶಾಲೆ ತೆರೆದಿರುವಾಗ ಪಾಠದ ಭಾಷೆಗೂ ಮನೆಯ ಭಾಷೆಗೂ ನಡುವಣ ಅಂತರವನ್ನು ಶಿಕ್ಷಕರೂ ಸಹಪಾಠಿಗಳೂ ಹೇಗೋ ತುಂಬಿಕೊಡುತ್ತಾರೆ. ಶಾಲೆ ಮುಚ್ಚಿದೊಡನೆ ಆ ಅಂತರ ನೇರವಾಗಿ ಮನೆಯೊಳಕ್ಕೆ ಬರುತ್ತದೆ. 2020ರಲ್ಲಿ ತಮಿಳುನಾಡಿನ ‘ಕಲ್ವಿ’ ವಾಹಿನಿಯ ಪಾಠಗಳು ತಮಿಳಿನಲ್ಲಿ, ದೂರದರ್ಶನದ ‘ಯಾದಗಿರಿ’ ವಾಹಿನಿಯ ಪಾಠಗಳು ತೆಲುಗಿನಲ್ಲಿ, ‘ಸಹ್ಯಾದ್ರಿ’ಯ ಪಾಠಗಳು ಮರಾಠಿಯಲ್ಲಿ ಬಂದವು. ಅದು ಸಹಜವೂ ಹೌದು. ಆದರೆ ವಿಜಯಪುರದಲ್ಲಿಯೋ ಮಂಡ್ಯದಲ್ಲಿಯೋ ಕನ್ನಡ ಶಾಲೆ ಓದಿ ಬಂದ ತಾಯಿ, ಈ ಭಾಷೆ ತನಗೆ ಬಾರದು, ತಾನು ಹೇಳಿಕೊಡುವುದೇನು ಎಂದು ಹಿಂದೆ ಸರಿಯುವ ಸಂಭವ ಹೆಚ್ಚು. ಹಾಗೆ ಹಿಂದೆ ಸರಿಯಬೇಕಾಗಿಲ್ಲ. ಆಕೆಯ ಕನ್ನಡವೇ ಆ ಮಗುವಿನ ಕಲಿಕೆಗೆ ಒದಗಬಲ್ಲ ದೊಡ್ಡ ಸಾಧನ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದೂರದಿಂದ ಪಾಠ ಬರುವುದು ಕನ್ನಡಿಗರಿಗೆ ತೀರ ಹೊಸತೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಾರ್ಯಕ್ರಮಗಳು ಬಿತ್ತರವಾದವು. ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಪ್ರಸಾರದ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ, ಸಂಜೆ ಊರಿನ ಹಿರಿಯರಿಗೆ. ಟೀವಿ ಪೆಟ್ಟಿಗೆ ಯಾರ ಮನೆಯಲ್ಲೂ ಇರಲಿಲ್ಲ, ಸಾರ್ವಜನಿಕ ಸ್ಥಳದಲ್ಲಿತ್ತು. ಹೀಗಾಗಿ ಯಾವ ಮಗುವೂ ಪಾಠವನ್ನು ಒಂಟಿಯಾಗಿ ನೋಡಲಿಲ್ಲ. ಇಂದಿನ ಫೋನಿನ ಪಾಠಕ್ಕೆ ಇಲ್ಲದಿರುವುದು ಈ ಒಡನಾಟವೇ.

ಮೊದಲ ದಿನಕ್ಕೆ ಮುನ್ನ

ತರಗತಿಗಳು ಆರಂಭವಾಗುವುದಕ್ಕೆ ಒಂದು ವಾರ ಮುಂಚಿತವಾಗಿಯೇ ಶಾಲೆಯನ್ನು ಸಂಪರ್ಕಿಸಿ ಕೆಲವು ಸಂಗತಿಗಳನ್ನು ಕೇಳಿ ತಿಳಿದು, ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಪಾಠ ನೇರವಾಗಿ ನಡೆಯುವುದೋ, ಮುಂಚೆಯೇ ಚಿತ್ರೀಕರಿಸಿದ್ದೋ? ತಪ್ಪಿಹೋದ ಪಾಠವನ್ನು ಮತ್ತೆ ನೋಡಲು ಸಾಧ್ಯವೇ? ಪಠ್ಯಪುಸ್ತಕ ಎಂದು, ಎಲ್ಲಿ ದೊರೆಯುತ್ತದೆ? ತರಗತಿಯ ಶಿಕ್ಷಕರೊಡನೆ ಮಾತನಾಡಲು ಯಾವ ವೇಳೆ ಅನುಕೂಲ? ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟುಬಿಡುವವರೇ ಹೆಚ್ಚು. ಹಿಂದಿಯೋ ತಮಿಳೋ ತಡವರಿಸಿಕೊಂಡು ಮಾತನಾಡಿದರೆ ಶಿಕ್ಷಕರು ಏನೆಂದುಕೊಂಡಾರು ಎಂಬ ಅಳುಕು ಅನಗತ್ಯ. ಮಗುವಿನ ಮನೆಮಾತು ಕನ್ನಡ ಎಂಬ ಒಂದು ಸಂಗತಿಯನ್ನು ತಿಳಿಸಿದರೂ ಶಿಕ್ಷಕರಿಗೆ ಅದರಿಂದ ಎಷ್ಟೋ ನೆರವಾಗುತ್ತದೆ.

ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುವ ಶಾಲೆಯೇ ಒಳ್ಳೆಯ ಶಾಲೆ ಎಂದು ಭಾವಿಸುವ ಪೋಷಕರೂ ಉಂಟು. ಇದು ಸರಿಯಲ್ಲ. ಕೇಂದ್ರ ಶಿಕ್ಷಣ ಇಲಾಖೆ 2020ರ ಜುಲೈಯಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಿಗಿಂತಲೂ, ಒಂಬತ್ತರಿಂದ ಹನ್ನೆರಡರವರೆಗೆ ಅಂಥ ನಾಲ್ಕು ಅವಧಿಗಳಿಗಿಂತಲೂ ಹೆಚ್ಚು ನೇರ ತರಗತಿ ಕೂಡದೆಂದು ಸೂಚಿಸಲಾಗಿತ್ತು. ಶಿಶುವಿಹಾರದ ಮಕ್ಕಳಿಗಾದರೆ ಅರ್ಧ ಗಂಟೆಯೇ ಮಿತಿ. ಪರದೆಯ ಹೊರಗೆ ಉಳಿಯುವ ದೀರ್ಘ ವೇಳೆಯನ್ನು ಹೇಗೆ ಬಳಸಬೇಕೆಂಬುದೇ ಕುಟುಂಬದ ಮುಂದಿರುವ ನಿಜವಾದ ಪ್ರಶ್ನೆ.

ಒಂದೇ ಫೋನು, ಇಬ್ಬರು ಮಕ್ಕಳು

ಮುಂಬಯಿಯ ಚಾಳಿನಲ್ಲಿಯೋ ಪುಣೆಯ ಕಟ್ಟಡ ಕಾರ್ಮಿಕರ ವಸತಿಯಲ್ಲಿಯೋ ಮಗುವಿಗೆ ಪ್ರತ್ಯೇಕ ಕೋಣೆ ಎಂಬ ಮಾತೇ ಇಲ್ಲ. ಅದರ ಅಗತ್ಯವೂ ಇಲ್ಲ. ಗೋಡೆಗೆ ಬೆನ್ನು ತಾಗಿಸಿ ಕೂರುವಂತೆ ಒಂದು ಚಾಪೆ, ಪುಸ್ತಕಗಳಿಗೆ ಒಂದು ರಟ್ಟಿನ ಪೆಟ್ಟಿಗೆ, ಆ ವೇಳೆಯಲ್ಲಿ ಟೀವಿ ಬಂದ್ - ಇಷ್ಟಾದರೆ ಸಾಕು. ಸ್ಥಳಕ್ಕಿಂತ ಸಮಯದ ನಿಯಮ ಮುಖ್ಯವಾದುದು. ಶಾಲೆಗೆ ಹೋಗುವ ದಿನಗಳಲ್ಲಿ ಏಳುತ್ತಿದ್ದ ಹೊತ್ತಿಗೇ ಎದ್ದು, ಸ್ನಾನ ಮುಗಿಸಿ, ತಿಂಡಿ ತಿಂದು ಕುಳಿತ ಮಗುವಿಗೆ ಪಾಠದ ಮನಸ್ಸು ತಾನಾಗಿಯೇ ಬರುತ್ತದೆ.

ಕಷ್ಟವಿರುವುದು ಫೋನಿನ ವಿಷಯದಲ್ಲಿ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನು ಬೆಳಗ್ಗೆ ತಂದೆಯ ಜೊತೆ ಕೆಲಸಕ್ಕೆ ಹೊರಟುಹೋಗುತ್ತದೆ. ಅಂಥ ಕುಟುಂಬಗಳು ಶಾಲೆಗೆ ಇದನ್ನು ಮೊದಲೇ ತಿಳಿಸಿ, ಸಂಜೆ ನೋಡಬಹುದಾದ ಪಾಠಗಳನ್ನು ಕೇಳಿ ಪಡೆಯಬೇಕು. 2017ರಲ್ಲಿ ಆರಂಭವಾದ ‘ದೀಕ್ಷಾ’ ಆ್ಯಪ್‌ನಲ್ಲಿ ಪಾಠಗಳನ್ನು ಒಮ್ಮೆ ಇಳಿಸಿಕೊಂಡರೆ ಅನಂತರ ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು. ಹಲವು ರಾಜ್ಯಗಳ ಪಠ್ಯಪುಸ್ತಕಗಳಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತದ ಮುಂದೆ ಫೋನು ಹಿಡಿದರೆ ಆಯಾ ಪಾಠವೇ ತೆರೆದುಕೊಳ್ಳುತ್ತದೆ. ಒಂದು ಗಂಟೆಯ ನೇರ ವಿಡಿಯೋ ತರಗತಿಗೆ ಚಿತ್ರದ ಗುಣಮಟ್ಟಕ್ಕೆ ತಕ್ಕಂತೆ ಸುಮಾರು ಅರ್ಧದಿಂದ ಒಂದು ಜಿ.ಬಿ. ಡೇಟಾ ಖರ್ಚಾಗುವುದರಿಂದ, ದಿನಕ್ಕೆ ಒಂದೂವರೆ ಜಿ.ಬಿ. ದೊರೆಯುವ ರೀಚಾರ್ಜು ಇಬ್ಬರು ಮಕ್ಕಳ ತರಗತಿ ಮುಗಿಯುವ ಮುನ್ನವೇ ಬರಿದಾಗಬಹುದು. ಫೋನಿಲ್ಲದವರಿಗೆ ಟೀವಿ ಇದೆ. 2020ರಲ್ಲಿ ಘೋಷಿತವಾದ ‘ಪಿ.ಎಂ. ಇ-ವಿದ್ಯಾ’ ಯೋಜನೆಯಡಿ ತರಗತಿಗೊಂದರಂತೆ ಹನ್ನೆರಡು ವಾಹಿನಿಗಳು ಆರಂಭವಾದವು. ಅವುಗಳನ್ನು 200ಕ್ಕೆ ಹೆಚ್ಚಿಸಿ ಪ್ರಾದೇಶಿಕ ಭಾಷೆಗಳಲ್ಲಿ ಪಾಠ ಒದಗಿಸುವುದಾಗಿ 2022ರ ಮುಂಗಡಪತ್ರದಲ್ಲಿ ಪ್ರಕಟಿಸಲಾಯಿತು. ಡಿಡಿ ಫ್ರೀ ಡಿಶ್ ಇರುವ ಮನೆಗೆ ತಿಂಗಳ ಶುಲ್ಕವಿಲ್ಲ.

ಇಬ್ಬರು ಮಕ್ಕಳಿಗೆ ಒಂದೇ ಫೋನು ಇದ್ದಾಗ ಯಾರ ಸರದಿ ಮೊದಲು? ನೇರ ತರಗತಿ ಯಾರದೋ ಅವರದು ಮೊದಲು ಎಂಬುದು ನ್ಯಾಯವಾದ ಉತ್ತರ. ಆದರೆ ಮಗನ ಪಾಠ ಮುಗಿಯುವವರೆಗೆ ಮಗಳು ಪಾತ್ರೆ ತೊಳೆಯುತ್ತಿರುವುದು, ಅವಳ ಸರದಿ ಬರುವ ವೇಳೆಗೆ ಬ್ಯಾಟರಿಯೂ ಡೇಟಾವೂ ಮುಗಿದಿರುವುದು ಅಸಂಭವವೇನಲ್ಲ. ಸರದಿಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದರೆ ಈ ಅನ್ಯಾಯ ಕಣ್ಣಿಗೆ ಬೀಳುತ್ತದೆ, ಸರಿಪಡಿಸುವುದೂ ಸುಲಭವಾಗುತ್ತದೆ.

ಪಾಠದ ಭಾಷೆ, ಮನೆಯ ಭಾಷೆ

ಹೈದರಾಬಾದಿನ ಒಂದು ಕನ್ನಡ ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮಗ ಐದನೆಯ ತರಗತಿ, ಪಾಠ ಇಂಗ್ಲಿಷಿನಲ್ಲಿ. ತಾಯಿ ಕಲಬುರಗಿಯ ಕಡೆಯವರು, ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ವಿಜ್ಞಾನದ ತರಗತಿ ಮುಗಿದ ಮೇಲೆ ಆಕೆ ರೊಟ್ಟಿ ಬಡಿಯುತ್ತಲೇ ಕೇಳುತ್ತಾರೆ:

“ಇವತ್ತ ಏನ್ ಹೇಳಿದ್ರಪಾ?”

“ಇವ್ಯಾಪರೇಷನ್, ಅವ್ವಾ.”

“ಹಂಗಂದ್ರ?”

“ನೀರು ಹಬೆಯಾಗಿ ಹೋಗೂದು.”

“ಒಲಿ ಮ್ಯಾಲ ಇಟ್ರ ಹೋಗ್ತದ, ಖರೇ. ಹೊರಗ ಹಗ್ಗದ ಮ್ಯಾಲ ಹಾಕಿದ ಅರಿಬಿ ಯಾರ್ ಕಾಯಿಸ್ಯಾರ? ಅದ್ಹೆಂಗ ಒಣಗ್ತು?”

ಹುಡುಗನಿಗೆ ಉತ್ತರ ಹೊಳೆಯುವುದಿಲ್ಲ. ಅವನು ಮತ್ತೆ ಪುಸ್ತಕ ತೆರೆಯುತ್ತಾನೆ. ನೀರು ಕುದಿಯದೆಯೂ ಆವಿಯಾಗಬಲ್ಲದು; ಗಾಳಿ ಬಿಸಿಲುಗಳಿದ್ದರೆ ಬೇಗ, ಮಳೆಗಾಲದ ತೇವದ ಗಾಳಿಯಲ್ಲಿ ನಿಧಾನ ಎಂಬುದನ್ನು ಓದಿ ಬಂದು ತಾಯಿಗೆ ಹೇಳುತ್ತಾನೆ. ತಾಯಿಗೆ ಇಂಗ್ಲಿಷ್ ಬಾರದಿದ್ದುದು ಇಲ್ಲಿ ಕೊರತೆಯಾಗಲಿಲ್ಲ. ಇಂಗ್ಲಿಷಿನ ವಾಕ್ಯವನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದರೆ ಹುಡುಗನಿಗೆ ಅರ್ಥವಾಗಿಲ್ಲವೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ತನ್ನ ಮಾತಿನಲ್ಲಿ ಹೇಳಹೊರಟಾಗಲೇ ಅದು ಬಯಲಾಯಿತು.

ದಿನಕ್ಕೆ ಹದಿನೈದು ನಿಮಿಷ ಇಂಥ ಮಾತುಕತೆ ಸಾಕು. ಏನು ಹೇಳಿದರು, ಅದು ನಿಜವೆಂದು ಹೇಗೆ ಗೊತ್ತು, ಮನೆಯಲ್ಲಿ ಎಲ್ಲಿ ಕಾಣುತ್ತದೆ ಎಂಬ ಪ್ರಶ್ನೆಗಳಿಂದ ಅದನ್ನು ಆರಂಭಿಸಬಹುದು. ಹೋಳಿಗೆಯನ್ನು ನಾಲ್ಕು ಪಾಲು ಮಾಡಿ ಮೂರನ್ನು ಎತ್ತಿಟ್ಟರೆ ಭಿನ್ನರಾಶಿ ಬಂದಿತು. ಕಿರಾಣಿ ಅಂಗಡಿಯ ಚೀಟಿಯಲ್ಲಿ ಕೂಡುವ ಲೆಕ್ಕವೂ ಇದೆ, ದಶಮಾಂಶವೂ ಇದೆ. ಆದರೆ ಪ್ರತಿಯೊಂದು ಶಬ್ದಕ್ಕೂ ಕನ್ನಡ ಶಬ್ದ ಹುಡುಕಿಸುವ ಹಟ ಬೇಡ. ಪಾರಿಭಾಷಿಕ ಶಬ್ದ ಶಾಲೆಯ ಭಾಷೆಯಲ್ಲೇ ಉಳಿಯಲಿ, ವಿವರಣೆ ಕನ್ನಡದಲ್ಲಿ ಬರಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಿರಬೇಕೆಂದು ಹೇಳಿದೆ. ಹೊರನಾಡಿನಲ್ಲಿ ಅದು ಶಾಲೆಯಲ್ಲಿ ದೊರೆಯದಿದ್ದರೂ ಮನೆಯಲ್ಲಿ ಒದಗಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಲಿಪಿಯ ಭಯವೂ ಹಲವೊಮ್ಮೆ ಅತಿಯಾದುದು. ಶಾಲೆಯಲ್ಲಿ ಹಿಂದಿ ಕಲಿತ ಕನ್ನಡಿಗರು ಮರಾಠಿ ಪುಸ್ತಕವನ್ನು ಕೂಡಿಸಿಕೊಂಡು ಓದಬಲ್ಲರು, ಏಕೆಂದರೆ ಎರಡಕ್ಕೂ ಲಿಪಿ ದೇವನಾಗರಿಯೇ. ತೆಲುಗು ಮತ್ತು ಕನ್ನಡ ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ತಲೆಕಟ್ಟಿನ ಭೇದ ತಿಳಿದರೆ ಅಕ್ಷರಗಳಲ್ಲಿ ಅನೇಕವು ಪರಿಚಿತವಾಗಿಯೇ ಕಾಣುತ್ತವೆ. ತಮಿಳು ಲಿಪಿ ಬೇರೆ ಬಗೆಯದು. ಆದರೆ ಅಲ್ಲಿ ಅಕ್ಷರಗಳೇ ಕಡಿಮೆ: ಕ, ಗ ಎರಡು ಧ್ವನಿಗಳಿಗೂ ಒಂದೇ ಅಕ್ಷರ. ಚೆನ್ನೈಯ ತಾಯಿಯೊಬ್ಬರು ಒಂದನೆಯ ತರಗತಿಯ ಮಗುವಿನ ಜೊತೆಗೇ ತಮಿಳು ಅಕ್ಷರ ತಿದ್ದಲು ಕುಳಿತರೆ, ಅವ್ವನಿಗಿಂತ ತಾನು ಮುಂದೆ ಎಂಬ ಹುರುಪು ಮಗುವಿಗೆ ಬರುವುದು ಇನ್ನೊಂದು ಲಾಭ.

ಓದು ಕಲಿಯುವ ವಯಸ್ಸು

ದೂರಕಲಿಕೆಯಿಂದ ಹೆಚ್ಚು ಹಾನಿಯಾಗುವುದು ಅಕ್ಷರ ಕೂಡಿಸಲು ಆಗತಾನೇ ಆರಂಭಿಸಿದ ಮಕ್ಕಳಿಗೆ. ಗ್ರಾಮೀಣ ಭಾರತದ ಮಕ್ಕಳ ಓದುಬರಹವನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇಕಡಾ 27.3 ಇದ್ದುದು 2022ರಲ್ಲಿ 20.5ಕ್ಕೆ ಇಳಿಯಿತು. ಮೊದಲೇ ಕಡಿಮೆ ಇದ್ದುದು ಇನ್ನೂ ಕುಸಿಯಿತೆಂದು ಅರ್ಥ. ಹತ್ತನೆಯ ತರಗತಿಯ ಪರೀಕ್ಷೆಯ ಬಗ್ಗೆ ಮನೆಮಂದಿಯೆಲ್ಲ ಚಿಂತಿಸಿ, ಒಂದನೆಯ ತರಗತಿಯ ಮಗುವನ್ನು ‘ಇನ್ನೂ ಚಿಕ್ಕದು’ ಎಂದು ಬಿಟ್ಟುಬಿಡುವ ವಾಡಿಕೆ ಇದಕ್ಕೆ ತದ್ವಿರುದ್ಧವಾದುದು.

ಈ ವಯಸ್ಸಿನ ಮಗುವಿಗೆ ಫೋನಿಗಿಂತ ಸ್ಲೇಟು, ಬಳಪ ಮತ್ತು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುವ ಹಿರಿಯರೊಬ್ಬರು ಬೇಕು. ಅಜ್ಜ ಅಜ್ಜಿಯರಿದ್ದರೆ ಇದಕ್ಕಿಂತ ಒಳ್ಳೆಯ ಕೆಲಸ ಅವರಿಗೆ ಮತ್ತೊಂದಿಲ್ಲ. ಕನ್ನಡದಲ್ಲಿ ಸರಾಗವಾಗಿ ಓದಲು ಕಲಿತ ಮಗು ಇನ್ನೊಂದು ಲಿಪಿಯನ್ನು ಬೇಗ ಹಿಡಿಯುತ್ತದೆ. ಅಕ್ಷರಕ್ಕೆ ಧ್ವನಿ, ಧ್ವನಿಗಳು ಕೂಡಿ ಶಬ್ದ ಎಂಬ ಗುಟ್ಟನ್ನು ಎರಡನೆಯ ಸಲ ಕಲಿಯಬೇಕಾಗಿಲ್ಲ. ಪುಸ್ತಕಗಳಿಗೆ ಕೊರತೆಯಿಲ್ಲ. ಕರ್ನಾಟಕದ ಪಠ್ಯಪುಸ್ತಕಗಳನ್ನು ಅಲ್ಲಿನ ಪಠ್ಯಪುಸ್ತಕ ಸಂಘದ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಮಹಾರಾಷ್ಟ್ರದ ‘ಬಾಲಭಾರತಿ’ ಕನ್ನಡದಲ್ಲಿಯೂ ಪಠ್ಯಪುಸ್ತಕ ಪ್ರಕಟಿಸುತ್ತದೆ. ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ.

ಕಣ್ಣಿನ ಆರೈಕೆಯ ವಿಷಯದಲ್ಲಿ ಎರಡೇ ಮಾತು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಮಾಡಿಸಬೇಕು. ದಿನವೂ ಕೆಲವು ಹೊತ್ತು ಹಗಲಿನ ಬೆಳಕಿನಲ್ಲಿ ಆಡಲು ಬಿಡಬೇಕು, ಗಾಳಿ ಕೆಟ್ಟಿರುವ ದಿನಗಳನ್ನುಳಿದು. ಫೋನಿನಲ್ಲಿ ಅಪರಿಚಿತರು ಮಗುವನ್ನು ಪೀಡಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ, ಹಣದ ಮೋಸವಾದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು.

ಊರಿಗೆ ಮರಳುವವರು

ನಗರದಲ್ಲಿ ಕೆಲಸ ನಿಂತರೆ ಕುಟುಂಬ ಊರು ಸೇರುತ್ತದೆ. 2020ರ ಬೇಸಗೆಯಲ್ಲಿ ಮುಂಬಯಿಯಿಂದ ಕರ್ನಾಟಕಕ್ಕೆ ಮರಳಿದವರು ಬಹಳ ಮಂದಿ. ಹೀಗೆ ಮರಳಿದ ಮಗುವಿನ ಹೆಸರು ಎರಡು ಶಾಲೆಗಳ ನಡುವೆ ಎಲ್ಲಿಯೂ ಇಲ್ಲದಂತಾಗುವುದೇ ದೊಡ್ಡ ಅಪಾಯ. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಪ್ರಕರಣದಂತೆ, ಎಂಟನೆಯ ತರಗತಿಯವರೆಗಿನ ಶಿಕ್ಷಣಕ್ಕಾಗಿ ಮಗು ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯಬಹುದು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಆದ್ದರಿಂದ ಪತ್ರಕ್ಕಾಗಿ ಕಾಯುತ್ತ ತಿಂಗಳುಗಳನ್ನು ಕಳೆಯದೆ, ಊರು ಸೇರಿದ ವಾರದಲ್ಲೇ ಮಗುವನ್ನು ಹತ್ತಿರದ ಶಾಲೆಗೆ ಕರೆದೊಯ್ಯತಕ್ಕದ್ದು. ಹೋಗುವಾಗ ಹಿಂದಿನ ವರ್ಷದ ಪಠ್ಯಪುಸ್ತಕಗಳನ್ನೂ ಬರೆದ ನೋಟುಬುಕ್ಕುಗಳನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದರೆ, ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಓದಿ ಬಂದ ಮಗು ಎಲ್ಲಿಯವರೆಗೆ ಕಲಿತಿದೆ ಎಂಬುದನ್ನು ಶಿಕ್ಷಕರು ತಿಳಿಯಲು ಅನುಕೂಲವಾಗುತ್ತದೆ.